ಶೇಖವ್ವನ ಹೂಂ

ಮಾತುಕತೆಗೆ ಬರ್ರಿ ಅಂತ ಯಾರಾದರೂ ಮೊಬೈಲಿನಲ್ಲಿ ಮೆಸೇಜು ಹಾಕುತ್ತಾರೇನು? ನಮ್ಮ ಗಜೇಂದ್ರಗಡದಲ್ಲಿ ಬಸುರಿಯ ಕುಬಸಕ್ಕೆ ಕರೆಯಬೇಕಾದರೂ ಮನೆಗೆ ಬಂದು, ಕುಂಕುಮ ಹಚ್ಚಿ, "ತಪ್ಪಸಬ್ಯಾಡ್ರಿ" ಅಂತ ಹೇಳಿ ಹೋಗುತ್ತಾರೆ. ಈ ಬಿಲ್ಡರ್ ಕೊಟ್ರೇಶ, ರೋಣ ರಸ್ತೆಯಲ್ಲಿ ನಮ್ಮ ಮನೆಗಳನ್ನು ಬಾಗಿಲು ಕಿಟಕಿ ಇಲ್ಲದೆ ವರ್ಷಗಟ್ಟಲೆ ನಿಲ್ಲಿಸಿದವನು, "ನಾಳೆ ಸಂಜಿಗೆ ಆಫೀಸಿಗೆ ಬರ್ರಿ, ಕುಂತು ಮಾತಾಡೋಣ" ಅಂತ ನಾಲ್ಕು ಅಕ್ಷರ ಒತ್ತಿ ಕಳಿಸಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಲ್ಲೇ ನನ್ನ ಪಕ್ಕದ ಮನೆ ಕೊಂಡಿದ್ದ ಶೇಖವ್ವ ಮಾತ್ರ, "ಹೋಗಿ ಬರೂಣು ನಡಿ, ರಾಜೇಶ್ವರಿ" ಎಂದಳು. ರೊಟ್ಟಿ ಬಡಿದು ಮಾರಿ ಆ ಮನೆಗೆ ದುಡ್ಡು ಕಟ್ಟಿದವಳು ಅವಳು. ಮಗಳು ಪುಷ್ಪಾವತಿಯ ಬಾಣಂತನ ಸ್ವಂತ ಮನೆಯಲ್ಲೇ ಆಗಬೇಕೆಂಬುದೊಂದೇ ಅವಳ ಆಸೆ.

"ನಾವೇನ್ ಅವನ ಮನಿ ಆಳೇನು? ಬೇಕಾದ್ರ ಅವನ ಬರ್ಲಿ!" ಎಂದು ನಾನು ಹಾರಾಡಿದೆ. ಪಾಪ, ಅವಳೂ ಹೋಗಲಿಲ್ಲ.

ಅವನು ಬರಲಿಲ್ಲ. ನಾವಿಬ್ಬರೂ ಗದಗಿಗೆ ಹೋಗಿ ವಕೀಲೆ ನಿರ್ಮಲಾ ಅವರನ್ನು ಕಂಡೆವು. ಅವರು ಕರಾರು ಓದಿ ಕೇಳಿದರು: "ಜಗಳ ಬಂದ್ರ ಮೊದ್ಲು ಎದುರಾ ಎದುರು ಕುಂತು ರಾಜಿ ಮಾತಾಡಬೇಕು, ಅದು ಮುರಿದ್ರಷ್ಟ ಮಧ್ಯಸ್ಥಗಾರರ ಕಡೆ ಹೋಗಬೇಕು ಅಂತೈತಿ ಇದರಾಗ. ಕುಂತಿದ್ರೇನು?"

"ಕುಂತಿದ್ವಿರಿ. ಅವ ಒಪ್ಪಲಿಲ್ಲ" ಎಂದುಬಿಟ್ಟೆ. ಶೇಖವ್ವ ನನ್ನ ಮುಖ ನೋಡಿದಳು. ಇಷ್ಟರಿಂದ ಯಾರಪ್ಪನ ಗಂಟು ಹೋಗುತ್ತದೆ ಅಂದುಕೊಂಡೆ ನಾನು.

ಮಧ್ಯಸ್ಥಗಾರರು ನಿವೃತ್ತ ನ್ಯಾಯಾಧೀಶರು. ಗದಗಿನಲ್ಲಿ ವಿಚಾರಣೆಯ ಮೊದಲ ದಿನವೇ ಕೊಟ್ರೇಶನ ವಕೀಲ ಎದ್ದು, ರಾಜಿ ಮಾತುಕತೆ ನಡೆದೇ ಇಲ್ಲ, ಆದ್ದರಿಂದ ಈ ಅರ್ಜಿ ನಿಲ್ಲುವುದಿಲ್ಲ ಎಂದ. ಸಾಹೇಬರು ನನ್ನನ್ನು ಬಿಟ್ಟು ಶೇಖವ್ವನ ಕಡೆ ತಿರುಗಿದರು.

"ನೀವು ಹೇಳ್ರಿ ತಾಯಿ. ಇವರ ಜೋಡಿ ಕುಂತು ಮಾತಾಡಿದ್ರೇನು?"

ಶೇಖವ್ವ ಸೆರಗಿನ ತುದಿ ಹಿಂಡುತ್ತ ನನ್ನತ್ತ ನೋಡಿದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ನೆಲ ನೋಡುತ್ತ ಕುಳಿತೆ.

"ಹೂಂ ರಿ" ಎಂದಳು.

ಕೊಟ್ರೇಶ ಬೆರಗಾಗಿ ಅವಳನ್ನೇ ನೋಡಿದ. ಅವನ ಕೆಲಸದವರಿಗೆಲ್ಲ ರೊಟ್ಟಿ ಹೋಗುತ್ತಿದ್ದುದು ಅವಳ ಮನೆಯಿಂದಲೇ. ಅವಳು ಎಷ್ಟು ರೊಟ್ಟಿ ಅಂದರೆ ಅಷ್ಟೇ, ಯಾರೂ ಎಣಿಸುತ್ತಿರಲಿಲ್ಲ. ಅವನು ತನ್ನ ವಕೀಲನ ತೋಳು ಹಿಡಿದು ಕೂರಿಸಿದ.

"ಬಿಡ್ರಿ ವಕೀಲ್ರ. ಶೇಖವ್ವ ಸುಳ್ಳು ಹೇಳಾಕಿ ಅಲ್ಲ. ಕುಂತಿದ್ವೋ ಏನೋ, ನನಗ ನೆನಪಿಲ್ಲ."

ಅಯ್ಯೋ ಶಿವನೇ! ಅವನು ಜಗಳ ತೆಗೆದಿದ್ದರೆ ನಾನೂ ಮೈಮೇಲೆ ಬೀಳುತ್ತಿದ್ದೆ. ಇದನ್ನು ಮಾತ್ರ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಕುಂತಿಲ್ರಿ ಸಾಹೇಬ್ರ. ಅವ್ರು ಕರೆದಿದ್ರು, ನಾನ ಹೋಗಗೊಡಲಿಲ್ಲ. ಸುಳ್ಳು ನಂದು."

ಸಾಹೇಬರು ಬೈಯಲಿಲ್ಲ. ಮೊದಲು ಕುಂತು ಮಾತಾಡಿ, ಆಗದಿದ್ದರೆ ಬನ್ನಿ ಎಂದು ವಿಚಾರಣೆ ಮುಂದೂಡಿದರು. ಪುಷ್ಪಾವತಿಗೆ ಆಗಲೇ ದಿನ ತುಂಬುತ್ತ ಬಂದಿತ್ತು. ಬಾಣಂತನ ಬಾಡಿಗೆ ಮನೆಯಲ್ಲೇ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಆದರೂ, ಖರೇ ಹೇಳುತ್ತೇನೆ, ಹೊರಗೆ ಬರುವಾಗ ನನ್ನ ಎದೆ ಹಗುರಾಗಿತ್ತು. ನಿಜ ಹೇಳಿಬಿಟ್ಟೆನಲ್ಲ ಅಂತ ಒಳಗೊಳಗೇ ಒಂದು ಹೆಮ್ಮೆ ಬೇರೆ.

ಬಸ್ ನಿಲ್ದಾಣದ ಬಳಿ ಕೊಟ್ರೇಶ ಕಾರು ನಿಲ್ಲಿಸಿ, "ಬರ್ರಿ, ಊರಿಗೆ ಬಿಡ್ತೀನಿ" ಎಂದ. ಶೇಖವ್ವ ತಲೆ ಮೇಲಿನ ಸೆರಗನ್ನು ಮುಖದ ತನಕ ಎಳೆದುಕೊಂಡು ಆಚೆ ತಿರುಗಿದಳು. ಅವನು ಸ್ವಲ್ಪ ಹೊತ್ತು ಕಾದು ಹೋದ.

"ಸಿಟ್ಟೇನು ಶೇಖಕ್ಕ? ಮನಿ ಇವತ್ತಲ್ಲ ನಾಳೆ ಸಿಗ್ತೈತಿ ಬಿಡು" ಎಂದೆ.

"ಮನಿ ಮಾತಲ್ಲವ್ವ" ಎಂದಳು, ನನ್ನ ಕಡೆ ನೋಡದೆ. "ನೀ ಎದ್ದು ಖರೇ ಹೇಳಿದಿ, ಚಲೋ ಮಾಡಿದಿ. ನಿನ್ನ ಸಲುವಾಗಿ ಹೂಂ ಅಂದು, ಸುಳ್ಳು ಹೇಳಿದಾಕಿ ಅನ್ನಿಸ್ಕೊಂಡು ಊರಿಗೆ ಹೋಗಾಕಿ ನಾ ಒಬ್ಬಾಕಿನ ಅಲ್ಲೇನು?"