ಒಂದೇ ತುಂಡಿನ ಪೈಪು

ಠಾಣೆಯಾಚೆಯ ಶಹಾಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಗ್ಯಾರೇಜಿನ ಮಾಲೀಕ ಹಣಮಂತ್ರಾಯನಿಗೆ ಎರಡು ವಿಷಯಗಳಲ್ಲಿ ಬಹಳ ಹಮ್ಮು. ಒಂದು, ತಾನು ಮೂಢನಂಬಿಕೆಗಳನ್ನೆಲ್ಲ ಕಲಬುರಗಿಯಲ್ಲೇ ಬಿಟ್ಟು ರೈಲು ಹತ್ತಿದವನು. ಶನಿವಾರ ಎಣ್ಣೆ ಕೊಳ್ಳಬಾರದೆನ್ನುವ ಗಿರಾಕಿಗೆ ಶನಿವಾರವೇ ಇಂಜಿನ್ ಆಯಿಲ್ ಸುರಿದು ಕಳಿಸುವವನು. ಇನ್ನೊಂದು, ತನ್ನ ಗ್ಯಾರೇಜಿಗೆ ಬಂದ ಗಾಡಿಯ ಬಾನೆಟ್ಟಿನೊಳಗೆ ತನ್ನದಲ್ಲದೆ ಬೇರೆ ಕೈ ಹೋಗಕೂಡದು. ಈ ಎರಡನೆಯದರಿಂದಾಗಿ ಮೂವರು ಕೆಲಸಗಾರರು ಬಿಟ್ಟುಹೋಗಿದ್ದರು. ಆದರೂ ಮಹಾಶಯನಿಗೆ ಬುದ್ಧಿ ಬಂದಿರಲಿಲ್ಲ.

ಆ ಶನಿವಾರ ಅವನೆದುರು ನಿಂತಿದ್ದದ್ದು ವಸಂತ್‌ನ ಕಾರು. ವಸಂತ್ ಬೆಂಗಳೂರಿನವನು, ಠಾಣೆಯಲ್ಲಿ ಫ್ಲ್ಯಾಟು, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ, ತಲೆಯಲ್ಲಿ ಕಾರು ಬಿಟ್ಟು ಬೇರೇನಿಲ್ಲ. ಟರ್ಬೊ ಇರುವ ತನ್ನ ಪುಟ್ಟ ಕಾರಿಗೆ ದೊಡ್ಡ ಇಂಟರ್‌ಕೂಲರ್ ಬೇಕೆಂದು ಹಟ ಹಿಡಿದಿದ್ದ. ಟರ್ಬೊ ಒತ್ತಿ ಕಳಿಸುವ ಗಾಳಿ ಕಾದಿರುತ್ತದೆ. ಅದನ್ನು ಬಂಪರಿನ ಹಿಂದೆ ಕೂತ ಇಂಟರ್‌ಕೂಲರಿನಲ್ಲಿ ತಣಿಸಿ ಇಂಜಿನ್ನಿಗೆ ತರಬೇಕು. ಹೇಳಲಿಕ್ಕೆ ಇಷ್ಟೇ. ಆದರೆ ಆ ಗಾಳಿ ತರುವ ಪೈಪಿನ ದಾರಿಯಲ್ಲಿ ಬ್ಯಾಟರಿ, ಫ್ಯಾನು, ವೈರುಗಳ ಗಂಟು ಎಲ್ಲವೂ ಬೆಳಗಿನ ಕಲ್ಯಾಣ ಲೋಕಲ್ ರೈಲಿನ ಜನರಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಬೇರೆಯವರು ಇಂಥಲ್ಲಿ ಪೈಪನ್ನು ತುಂಡು ಮಾಡಿ ನಡುವೆ ರಬ್ಬರ್ ಜಾಯಿಂಟ್ ಕೊಡುತ್ತಾರೆ. ಹಣಮಂತ್ರಾಯ ಮಾತ್ರ, ತನ್ನದು ಒಂದೇ ತುಂಡು, ನಡುವೆ ಜಾಯಿಂಟೇ ಇರುವುದಿಲ್ಲ ಎಂದುಬಿಟ್ಟಿದ್ದ. ವಸಂತ್ ಆ ಮಾತನ್ನು ತನ್ನ ಕಾರು ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಹಾಕಿಯೂ ಆಗಿತ್ತು. ಮರುದಿನ ಬೆಳಿಗ್ಗೆ ವಾಶಿಯಲ್ಲಿ ಅವರೆಲ್ಲ ಸೇರಿ ಬಾನೆಟ್ ತೆಗೆದು ನೋಡುವವರಿದ್ದರು. ಹಣಮಂತ್ರಾಯನ ಹೆಸರು ಉಳಿಯುವುದೂ ಅಳಿಯುವುದೂ ಆ ಒಂದು ಪೈಪಿನ ಮೇಲಿತ್ತು.

ಎರಡು ದಿನ ಅಲ್ಯೂಮಿನಿಯಂ ಬಗ್ಗಿಸಿ, ಉಜ್ಜಿ, ಪೈಪನ್ನು ಕೂರಿಸಿದ್ದ. ಪೈಪಿನ ಮೇಲಿನ ತುದಿ ಹಿಡಿಯುವ ಕ್ಲಾಂಪ್ ಬಿಗಿಯಾಯಿತು. ಕೆಳಗಿನದಕ್ಕೆ ಕೈ ಹೋಗಲಿಲ್ಲ. ಮೇಲಿನಿಂದ ತೂರಿದ, ಕೆಳಗಿನಿಂದ ತೂರಿದ, ಗಾಡಿಗೆ ಬೈದ, ಗಾಡಿ ಮಾಡಿದವರ ಏಳು ತಲೆಮಾರಿಗೆ ಬೈದ. ಬೆರಳ ಗಿಣ್ಣು ಸುಲಿದದ್ದೊಂದೇ ಲಾಭ.

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ದಾನಮ್ಮ ಇದನ್ನೆಲ್ಲ ಸ್ಟೂಲಿನ ಮೇಲೆ ಕೂತು ನೋಡಿದಳು. ಊಟ ಆರುತ್ತಿದೆ ಎಂದಳು. ಆಮೇಲೆ, ತನ್ನ ಕೈ ಸಣ್ಣದು, ತಾನು ಬಿಗಿಯಲೇ ಎಂದಳು. ಹಣಮಂತ್ರಾಯ ನಕ್ಕ. ಅರ್ಧ ತಾಸಿಗೆ ಆ ನಗು ಬತ್ತಿತು. ರಸ್ತೆಯ ಕಡೆ ಎರಡು ಸಲ ನೋಡಿ, ಶಟರನ್ನು ಅರ್ಧ ಎಳೆದು, ಕ್ಲಾಂಪ್ ಬಿಗಿಯುವ ಪಾನಾ ಅವಳ ಕೈಗೆ ಕೊಟ್ಟ. ಯಾರ ಮುಂದೂ ಬಾಯಿ ಬಿಡಬೇಡ ಎಂದೂ ಸೇರಿಸಿದ.

ದಾನಮ್ಮನ ಕೈ ಸರ್ರನೆ ಒಳಗೆ ಹೋಯಿತು. ಹಿಟ್ಟು ನಾದಿ ಗಟ್ಟಿಯಾದ ಕೈ. ಎರಡೇ ನಿಮಿಷದಲ್ಲಿ ಕ್ಲಾಂಪ್ ಬಿಗಿಯಾಯಿತು. ಆದರೆ ಕೈ ವಾಪಸು ಬರಲಿಲ್ಲ. ಹೋಗುವಾಗ ಮೊಣಕೈಯತ್ತ ಸರಿದಿದ್ದ ಆರು ಹಸಿರು ಗಾಜಿನ ಬಳೆ ಬರುವಾಗ ಮುಂಗೈಗೆ ಇಳಿದು, ಪೈಪಿನ ಬಾಗಿಗೆ ಸಿಕ್ಕಿ ನಿಂತಿದ್ದವು. ಎಳೆದಾಟದಲ್ಲಿ ಪಾನಾ ಜಾರಿ ಕೆಳಗೆಲ್ಲೋ ಬಿತ್ತು, ಇನ್ನೊಂದನ್ನು ಅವಳ ಬೆರಳಿಗೆ ತಲುಪಿಸಲು ಸಂದಿಯೇ ಇರಲಿಲ್ಲ. ಹಣಮಂತ್ರಾಯ ಸೋಪಿನ ನೀರು ಸುರಿದ, ಗ್ರೀಸ್ ಹಚ್ಚಿದ, ಮೇಲಿನ ಕ್ಲಾಂಪ್ ಬಿಚ್ಚಿ ಪೈಪು ಜಗ್ಗಿದ. ಅದು ಜಪ್ಪಯ್ಯ ಅನ್ನಲಿಲ್ಲ. ಅಲುಗಾಡದಂತೆ ಕೂರಿಸಿದವನು ತಾನೇ, ಇನ್ನು ಯಾರಿಗೆ ಬೈಯಬೇಕು?

ಕೊನೆಗೆ ಇಕ್ಕಳ ಎತ್ತಿಕೊಂಡ. ಬಳೆ ಚೂರು ಮಾಡಿದರೆ ಕೈ ಬರುತ್ತದೆ, ಸಂಜೆ ಕಲ್ಯಾಣದ ಪೇಟೆಯಲ್ಲಿ ಒಂದು ಡಜನ್ ಹೊಸವು ಕೊಡಿಸಿದರಾಯಿತು ಎಂದ.

ದಾನಮ್ಮ ಅವನನ್ನೇ ನೋಡಿದಳು. "ನೀವು ಹೋದ ಮ್ಯಾಲ ಮಂದಿ ಒಡಿಯೋ ಬಳಿ, ನೀವ ನಿಂತು ಒಡೀತೀರೇನ್ರಿ?"

ಹಣಮಂತ್ರಾಯ ಇದೆಲ್ಲ ಹುಚ್ಚು ಮಾತು ಎಂದ. ಗಾಜಿಗೂ ಗಂಡನ ಆಯುಷ್ಯಕ್ಕೂ ಏನು ಸಂಬಂಧ ಎಂದ. ಸಂಬಂಧ ಇಲ್ಲದಿದ್ದರೆ ಒಡೆಯಿರಿ ಎಂದು ದಾನಮ್ಮ ಕಣ್ಣು ಮುಚ್ಚಿಕೊಂಡಳು. ಇಕ್ಕಳ ಬಳೆಯ ತನಕ ಹೋಯಿತು, ಹಿಂದೆ ಬಂತು. ಇನ್ನೊಮ್ಮೆ ಹೋಯಿತು. ಎದೆಯ ಎಡಗಡೆ ಏನೋ ಚುಳ್ ಎಂದಂತಾಯಿತು. ಗ್ಯಾಸೇ ಇರಬೇಕು, ಬೆಳಿಗ್ಗೆ ಎರಡು ವಡಾಪಾವ್ ತಿಂದಿದ್ದ. ಆದರೂ ಮೈಯೆಲ್ಲ ಬೆವರಿತು. ಪೈಪಿನ ಕಡೆ ನೋಡಿದ. ಎರಡು ದಿನದ ದುಡಿಮೆ, ಒಂದು ಗೀರಿಲ್ಲ, ಫಳಫಳ ಹೊಳೆಯುತ್ತಿತ್ತು. ಇಕ್ಕಳ ಬಿಸಾಕಿ ಗರಗಸದ ಬ್ಲೇಡು ತೆಗೆದುಕೊಂಡ.

ಅದು ಮುಕ್ಕಾಲು ತಾಸಿನ ಕೆಲಸವಾಯಿತು. ಅಷ್ಟೂ ಹೊತ್ತು ದಾನಮ್ಮ, ಕೈ ಜೋಪಾನ, ಸೀರೆಗೆ ಗ್ರೀಸ್ ಬೇಡ, ಸ್ವಲ್ಪ ಎಡಕ್ಕೆ ಕೊಯ್ಯಿರಿ ಎಂದು ಹೇಳುತ್ತಲೇ ಇದ್ದಳು. ಕಡೆಗೂ ಪೈಪು ಎರಡಾಯಿತು, ಕೈ ಹೊರಬಂತು, ಆರಕ್ಕೆ ಆರೂ ಬಳೆ ಉಳಿದಿದ್ದವು. ಅದೇ ಹೊತ್ತಿಗೆ ವಸಂತ್ ಶಟರಿನಡಿ ಬಗ್ಗಿ ಒಳಗೆ ಬಂದವನು, ತುಂಡಾದ ಪೈಪು ನೋಡಿ ತಲೆಯ ಮೇಲೆ ಕೈಹೊತ್ತು ಕೂತ. ಜಾಯಿಂಟ್ ಇಲ್ಲ ಅಂತ ಊರಿಗೆಲ್ಲ ಹೇಳಿದೀನಲ್ರೀ, ಯಾಕೆ ಕೊಯ್ದಿರಿ ಎಂದ.

ಹಣಮಂತ್ರಾಯನ ನಾಲಿಗೆಯ ತುದಿಯಲ್ಲಿ ಒಳ್ಳೆಯ ಉತ್ತರವೇ ಇತ್ತು: ಇಂಜಿನ್ ಅದುರುತ್ತದೆ, ಒಂದೇ ತುಂಡಾದರೆ ಬಿರುಕು ಬಿಡುತ್ತದೆ, ಅದಕ್ಕೇ ಬದಲಿಸಿದೆ. ಹೇಳಿದ್ದರೆ ವಸಂತ್ ಕಣ್ಣು ಮುಚ್ಚಿ ನಂಬುತ್ತಿದ್ದ. ಆದರೆ ದಾನಮ್ಮ ಕೆಂಪಾದ ಮುಂಗೈ ಉಜ್ಜಿಕೊಳ್ಳುತ್ತಾ, ಇವನೇನು ಹೇಳುತ್ತಾನೋ ಎಂದು ಕಾಯುತ್ತಿದ್ದಳು.

"ಕೆಳಗಿನ ಕ್ಲಾಂಪಿಗೆ ನನ್ನ ಕೈ ಹೋಗ್ಲಿಲ್ರಿ ಸರ," ಎಂದ. "ಈಕಿ ಬಿಗಿದಳು. ಕೈ ಸಿಕ್ಕೊಂತು. ಬಳಿ ಒಡೀಲಿಕ್ಕ ನನಗ ಧೈರ್ಯ ಆಗ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೆ ನಾಚಿಕೆಯೂ ಆಯಿತು, ಮನಸ್ಸು ಹಗುರವೂ ಆಯಿತು. ಮೇಲಿನ ತುಂಡು ತೆಗೆದು, ದಾನಮ್ಮನಿಂದ ಕೆಳಗಿನ ಕ್ಲಾಂಪ್ ಬಿಚ್ಚಿಸಿ ಇನ್ನೊಂದನ್ನೂ ತೆಗೆದ. ಲೋಹದ ಪುಡಿ ಇಂಜಿನ್ನಿಗೆ ಹೋಗದಂತೆ ತೊಳೆದು ಒರೆಸಿದ. ಮೊದಲು ಕೆಳಗಿನ ತುಂಡು, ಅದರ ಕ್ಲಾಂಪನ್ನು ದಾನಮ್ಮ ಬಿಗಿದು ಕೈ ತೆಗೆದ ಮೇಲೆ ಮೇಲಿನದು, ನಡುವೆ ಜಾಯಿಂಟ್. ಥೂ ಇವನ, ಎಷ್ಟು ಸಲೀಸಾಗಿ ಕೂತಿತು! ಈ ಸಲ ಶಟರ್ ಪೂರ್ತಿ ಮೇಲಿತ್ತು.

ಮುರ್ಬಾಡ್ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದ ವಸಂತ್‌ನ ಮುಖ ಅರಳಿತ್ತು. ಕಾರು ಹೇಗೆ ಓಡಿತೆಂದು ಕೈಕಾಲು ಆಡಿಸಿ ವರ್ಣಿಸಿದ. ನಡೆದದ್ದನ್ನೆಲ್ಲ ಇದ್ದದ್ದು ಇದ್ದಹಾಗೆ ಗುಂಪಿಗೆ ಬರೆದು ಹಾಕಿದೆ ಎಂದೂ ಹೇಳಿದ. ಹಣಮಂತ್ರಾಯನ ಜೀವ ಬಾಯಿಗೆ ಬಂತು. ಮುಗಿಯಿತು, ಇನ್ನು ವಾಶಿಯಿಂದ ಅಂಬರನಾಥದ ತನಕ ಜನ ನಗುತ್ತಾರೆ.

"ಹನ್ನೊಂದು ಜನ ಉತ್ತರ ಕೊಟ್ಟಿದಾರೆ," ಎಂದ ವಸಂತ್, ಫೋನ್ ನೋಡುತ್ತಾ. "ಜಾಯಿಂಟ್ ಬಗ್ಗೆ ಒಬ್ರೂ ಕೇಳಿಲ್ಲ. ಎಲ್ರಿಗೂ ಆ ಕೆಳಗಿನ ಕ್ಲಾಂಪೇ ತಲೆನೋವಂತೆ. ಭಾಭಿ ಯಾವಾಗ ಸಿಗ್ತಾರೆ ಅಂತಿದಾರೆ."

ಹಣಮಂತ್ರಾಯ ಬಾಯಿ ತೆರೆಯುವಷ್ಟರಲ್ಲಿ ದಾನಮ್ಮ ಕೈ ಒರೆಸಿಕೊಂಡು ಮುಂದೆ ಬಂದಿದ್ದಳು.

"ಬುಧವಾರದಿಂದ ಬರ್ಲಿಕ್ಕ ಹೇಳ್ರಿ," ಎಂದಳು. "ರೊಟ್ಟಿ ಬಡೀಲಿಕ್ಕ ಮನ್ಯಾಗ ಇವರು ಇರ್ತಾರ."