ಎರಡನೆಯ 361

ಮಗಳು ಅನಿಷಾಳ ಶಾಲೆಯ ಚಾರ್ಟಿನ ಕೊನೆಯ ಸಾಲಿನಲ್ಲಿ 361 ಎಂದು ಎರಡು ಸಲ ಇತ್ತು. ಕೊಲ್ಲಿ ನಾಡಿನ ಈ ಬಂದರಿನ ಕ್ಲಿಯರಿಂಗ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಕಂಟೇನರ್‌ಗಳ ತೂಕದ ಪಟ್ಟಿ ತಿದ್ದುತ್ತಿರುವವಳು ನಾನು. ಅಕ್ಕಪಕ್ಕ ಒಂದೇ ಸಂಖ್ಯೆ ಕಂಡರೆ ಯಾರೋ ನೋಡಿ ಬರೆದಿದ್ದಾರೆಂದೇ ಲೆಕ್ಕ. ಹೋದ ವರ್ಷ ಪ್ರಾಜೆಕ್ಟ್ ಕಾಪಿ ಮಾಡಿದಳೆಂದು ಟೀಚರ್ ಅವಳನ್ನು ಕ್ಲಾಸಿನೆದುರು ನಿಲ್ಲಿಸಿದ್ದರು. ಇಲ್ಲಿ ವಾರದ ಶಾಲೆ ಶುರುವಾಗುವುದು ಭಾನುವಾರ; ಈ ಭಾನುವಾರವೂ ಚಾರ್ಟ್ ನೋಡುವವರು ಅವರೇ. ಶುಕ್ರವಾರ ಮಧ್ಯಾಹ್ನ ಅನಿಷಾ ಕೆಳಗೆ ನಮ್ಮ ಗುದೈಬಿಯಾ ಬಡಾವಣೆಯ ಅಂಗಡಿಗೆ ಹೋದಾಗ ಎರಡನೆಯ 361ರ ಮೇಲೆ ವೈಟ್ನರ್ ಹಚ್ಚಿಬಿಟ್ಟೆ.

“ಅಮ್ಮಾ! ಎಂತ ಮಾಡಿದ್ದು ನೀನು?”

“ತಪ್ಪಿತ್ತು ಮಗಾ. ಎರಡೂ ಒಂದೇ ಹೇಗೆ ಬರ್ತದೆ?”

“ಅದಕ್ಕೇ ಈ ಟಾಪಿಕ್ ತಗೊಂಡದ್ದು! ನೀನೂ ಟೀಚರ್ ಹಾಗೇ. ಕೂಡಿಸಿ ನೋಡು.”

ಅವಳು ಒಂದೊಂದು ಆಟದ ರನ್ ಓದುತ್ತಾ ಹೋದಳು, ನಾನು ಕೂಡಿಸುತ್ತಾ ಹೋದೆ. ಅಮೆರಿಕದ ಬೇಸ್‌ಬಾಲಿನಲ್ಲಿ ಎರಡು ದೊಡ್ಡ ಬಣ, ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್. ಎರಡರ ಆಯ್ದ ಆಟಗಾರರು ವರ್ಷಕ್ಕೊಮ್ಮೆ, ಕೆಲವು ವರ್ಷ ಎರಡು ಸಲ, ಎದುರಾಗುತ್ತಾರೆ. 1933ರಿಂದ ಈ 2017ರ ಜುಲೈವರೆಗೆ ಎಂಬತ್ತೆಂಟು ಆಟ. ಮೊದಮೊದಲು ಅಮೆರಿಕನ್ ಲೀಗಿನದ್ದೇ ಗೆಲುವು. ಅರವತ್ತಮೂರರಿಂದ ಇಪ್ಪತ್ತು ಆಟಗಳಲ್ಲಿ ಹತ್ತೊಂಬತ್ತು ನ್ಯಾಷನಲ್‌ಗೆ.

“ಪಾಪ, ಇವರಿನ್ನು ಏಳುವುದಿಲ್ಲ,” ಎಂದೆ.

“ತಡಿ ಅಮ್ಮ.”

ತೊಂಬತ್ತೇಳರಿಂದ ಹದಿಮೂರು ವರ್ಷ ಅಮೆರಿಕನ್ ಲೀಗಿನವರು ಸೋಲಲೇ ಇಲ್ಲ.

ಸಮೋಸ ಹಿಡಿದು ಬಂದ ನನ್ನ ಗಂಡ ಮಹಾಬಲ ಚಾರ್ಟಿಗೆ ಬಗ್ಗಿದರು. “ಎಂಬತ್ತೆಂಟು ಸಲ ಕೋಣ ಓಡಿಸಿ ಯಾರಿಗೂ ಮೆಡಲ್ ಇಲ್ಲವಾ? ಎಂತ ಕಂಬಳ ಮಾರಾಯ್ತಿ ಇದು!”

“ಪಪ್ಪಾ, ಎಣ್ಣೆ ಬೀಳ್ತದೆ!”

ಕೊನೆಯ ಆಟ ಉಳಿದಾಗ ನನ್ನ ಹಾಳೆಯಲ್ಲಿ ಒಟ್ಟು ರನ್ ಅಮೆರಿಕನ್ 359, ನ್ಯಾಷನಲ್ 360.

“ಎರಡು, ಒಂದು,” ಎಂದಳು ಅನಿಷಾ.

361. 361. ಗೆಲುವುಗಳೂ ನಲವತ್ತಮೂರು, ನಲವತ್ತಮೂರು, ಎರಡು ಆಟ ಸಮ. ಯಾರೂ ಕೂತು ಹೊಂದಿಸಿದ್ದಲ್ಲ. ಮೊದಲ ಆಟ ಆಡಿದವರು ಯಾರೂ ಈಗ ಬದುಕಿರಲಾರರು. ಕೊನೆಯದನ್ನು ಆಡಿದವರು ಆಗ ಹುಟ್ಟಿರಲಿಲ್ಲ. ಪ್ರತಿಯೊಬ್ಬರೂ ಮುಂದೆ ಹೋಗಬೇಕೆಂದೇ ಓಡಿದ್ದರು. ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿಸಿದೆ. ಅಷ್ಟೇ ಬಂತು.

ಅನಿಷಾ ಕಪ್ಪು ಪೆನ್ನು ಚಾಚಿದಳು. “ನೀನೇ ಬರಿ.”

“ಕೈಬರಹ ಬೇರೆ ಆಗ್ತದಲ್ಲ. ಟೀಚರ್ ಕೇಳಿದರೆ?”

“ಕೇಳಲಿ. ಅಮ್ಮನೂ ನಂಬಲಿಲ್ಲ, ಮತ್ತೆ ಅಮ್ಮನೇ ಕೂಡಿಸಿದ್ದು ಅಂತ ಹೇಳ್ತೇನೆ.”

ವೈಟ್ನರ್ ಒಣಗಿತ್ತು. ಉಸಿರು ಹಿಡಿದು ಮೂರು ಅಂಕಿ ಬರೆದೆ. ನನ್ನ ಆರು ಅವಳದ್ದಕ್ಕಿಂತ ಸ್ವಲ್ಪ ದೊಡ್ಡದಾಯಿತು.