ತಣ್ಣೀರಿಗೆ ಹೋಗುವ ತುಕ್ಕು

ಗುಜರಿ ಅಂಗಳದಲ್ಲಿ ನನ್ನಷ್ಟು ಬಸ್ಸುಗಳನ್ನು ಕೊಂದವನು ಇನ್ನೊಬ್ಬನಿಲ್ಲ. ನಾನು ಸುತ್ತಿಗೆ ಎತ್ತಿದರೆ ಲಾರಿಯ ಬಾಗಿಲುಗಳು ಹೆದರಿ ತಾವಾಗಿಯೇ ಕಳಚಿ ಬೀಳುತ್ತಿದ್ದವು. ಮೂರು ಬೀದಿಯಾಚೆ ಅಂಗಡಿಯಲ್ಲಿ ಮೊಟ್ಟೆಗಳು ಒಡೆಯುತ್ತಿದ್ದವು. ನನ್ನ ಎಡ ಮೊಣಕಾಲಿನ ಕೆಳಗಿನದನ್ನು ಕಸಿದುಕೊಳ್ಳಲು ಬಸ್ಸಿನ ಇಡೀ ಇಂಜಿನ್ನೇ ಸರಪಳಿ ಕಿತ್ತುಕೊಂಡು ಬೀಳಬೇಕಾಯಿತು. ಅದಕ್ಕಿಂತ ಹಗುರವಾದದ್ದರ ಕೈಲಿ ಆಗುವ ಕೆಲಸವಾಗಿರಲಿಲ್ಲ.

ಮೊದಲು ಸಿಕ್ಕ ಕೃತಕ ಕಾಲು ತೊಡೆಗೆ ಬಿಗಿದ ಪಟ್ಟಿಯಿಂದ ನೇತಾಡುತ್ತಿತ್ತು. ಹೆಜ್ಜೆ ಎತ್ತಿದರೆ ಎರಡು ಬೆರಳಷ್ಟು ಕೆಳಗೆ ಜಾರುವುದು, ಊರಿದರೆ ಮೇಲೆ ಬಂದು ಮೊಂಡುಗಾಲಿನ ತಳಕ್ಕೆ ಗುದ್ದುವುದು. ದಿನಕ್ಕೆ ಲಕ್ಷ ಗುದ್ದು. ಕಾಲು ಮಾಡಿಕೊಡುವ ಅಕ್ಕ ಕನ್ನಡಕದ ಮೇಲಿಂದ ನೋಡಿ ಕೇಳಿದಳು: "ಎಲ್ಲಿ ಒತ್ತುತ್ತೆ ಅಣ್ಣ?"

"ಒತ್ತೋದಾ? ಕಾಲು ಹಾಕ್ಕೊಂಡಿದೀನಿ ಅನ್ನೋದೇ ಮರೆತುಹೋಗಿದೆ."

ಅವಳು ನನ್ನ ಬಾಯಿಗಿಂತ ನಡಿಗೆಯನ್ನು ನಂಬಿ ಪಿನ್ನಿನ ಕಾಲು ಕೊಟ್ಟಳು. ಮೊಂಡುಗಾಲಿಗೆ ರಬ್ಬರಿನಂಥ ಸಿಲಿಕಾನ್ ಚೀಲ, ಅದರ ತುದಿಯಲ್ಲಿ ಉಕ್ಕಿನ ಪಿನ್ನು. ಕೃತಕ ಕಾಲಿನೊಳಗೆ ತುಳಿದರೆ ಟಕಟಕನೆ ಬೀಗ ಬೀಳುತ್ತದೆ. ಪಕ್ಕದ ಗುಂಡಿ ಒತ್ತುವವರೆಗೆ ಬಿಡುವುದಿಲ್ಲ. ಗುದ್ದು ನಿಂತಿತು. ಆದರೆ ಹೆಜ್ಜೆ ಎತ್ತಿದಾಗಲೆಲ್ಲ ಕಾಲಿನ ಭಾರವಷ್ಟೂ ಆ ತುದಿಗೆ ಜೋತುಬಿದ್ದು, ಕೆಚ್ಚಲು ಹಿಂಡಿದಂತೆ ಹಿಂಡತೊಡಗಿತು. ತುದಿ ನೇರಳೆಯಾಯಿತು, ಆಮೇಲೆ ಒಡೆಯಿತು.

"ಈಗ?" ಎಂದಳು ಅಕ್ಕ.

"ರೇಷ್ಮೆ," ಎಂದೆ.

ಗಾಯ ಮೂಳೆಗೆ ಇಳಿದರೆ ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೊಣಕಾಲಿಲ್ಲದೆ ಸುತ್ತಿಗೆ ಬೀಸಲಾಗದು. ಆದರೆ ನೋವು ಅಂದರೆ ಕಾಲು ಬಿಚ್ಚಿಸಿ ಮನೆಯಲ್ಲಿ ಕೂರಿಸುತ್ತಾರೆ, ಸುತ್ತಿಗೆ ನನ್ನ ಹೆಂಡತಿಯ ತಮ್ಮನ ಕೈಗೆ ಹೋಗುತ್ತದೆ. ಸಿಲಿಕಾನಿನ ಒಳಗೆ, ಗಾಯದ ಮೇಲೆ, ಗುಟ್ಟಾಗಿ ಒಂದು ಹಳೆಯ ಕಾಲುಚೀಲ ತುರುಕಿಕೊಂಡೆ. ಅದರ ಕಲೆ ಕಂಡು ಹೆಂಡತಿ ಕೇಳಿದಾಗ, "ತುಕ್ಕು ಕಣೇ, ಅಂಗಳದ್ದು," ಎಂದೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ಭಾವಮೈದ ಎದುರು ನಿಂತ. "ಭಾವ, ನೀನು ನಡೆದ ಕಡೆಯೆಲ್ಲ ಕೆಂಪಗೆ ಬೀಳ್ತಿದೆ. ಕಾಲು ಬಿಚ್ಚು."

"ತುಕ್ಕು."

"ಸುತ್ತಿಗೆ ಕೊಡು. ಹೋಗಿ ಕೂತ್ಕೋ."

ಆ ಕಾಲಿನಿಂದಲೇ ಹೊಟ್ಟೆಗೆ ಒದ್ದೆ. ಅವನು ಗಾಳಿಯಲ್ಲಿ ಎರಡು ಸುತ್ತು ತಿರುಗಿ ಟ್ಯಾಕ್ಸಿಯ ಗಾಜಿನೊಳಗೆ ಹೋಗಿ ಬಿದ್ದ. ಎದ್ದು ಬಂದವನು ಬಾಗಿಲಿನ ಹಿಡಿಯಿಂದ ನನ್ನ ಹುಬ್ಬು ಸೀಳಿದ. ಅವನ ತಲೆಯನ್ನು ಬಾನೆಟ್ಟಿಗೆ ಬಡಿದೆ. ತಗಡು ತಗ್ಗಾಯಿತು, ತಲೆ ಆಗಲಿಲ್ಲ. ಮತ್ತೆ ಒದೆಯಲು ಹೋದಾಗ ಬೂಟನ್ನೇ ಎರಡೂ ಕೈಯಲ್ಲಿ ಹಿಡಿದು ಎಳೆದ.

ಪಟ್ಟಿಯ ಕಾಲಾಗಿದ್ದರೆ ಕಳಚಿ ಅವನ ಕೈಗೆ ಹೋಗುತ್ತಿತ್ತು. ಪಿನ್ನು ಬಿಡಲಿಲ್ಲ. ಅವನ ಬಲವೆಲ್ಲ ಆ ಒಂದು ಉಕ್ಕಿನ ಕಡ್ಡಿಯಿಂದ ನನ್ನ ಹಸಿ ತುದಿಗೆ ಇಳಿಯಿತು. ಒದ್ದೆ ಬಟ್ಟೆ ಹರಿದಂಥ ಸದ್ದು ಒಳಗಿನಿಂದ ಬಂತು. ನಾನು ಗುಂಡಿ ಒತ್ತಿದೆ. ಕಾಲಿನ ಸಮೇತ ಅವನು ಹಿಂದಕ್ಕೆ ಬಿದ್ದ. ತೆವಳಿ ಅವನೆದೆ ಹತ್ತಿ, ಕಾಲನ್ನು ಕಿತ್ತುಕೊಂಡು, ಬೂಟಿನ ಹಿಮ್ಮಡಿಯಿಂದ ದವಡೆಗೆ ಬಾರಿಸಿದೆ. ಇನ್ನೊಮ್ಮೆ ಬಾರಿಸಿದೆ. ಮೂಳೆ ಮುರಿದದ್ದು ಕೈಗೆ ಗೊತ್ತಾಯಿತು. ಮೂವತ್ತಾರು ಹಲ್ಲು ಉದುರಿದವು. ಡಾಕ್ಟರು ಎರಡೇ ಎಂದರು, ಅವರಿಗೆ ಸರಿಯಾಗಿ ಎಣಿಸಲು ಬರುತ್ತಿರಲಿಲ್ಲ.

ಮೇಲೆದ್ದು ನೋಡಿದರೆ ನನ್ನ ಸಿಲಿಕಾನ್ ಚೀಲದ ಬಾಯಿಂದ ರಕ್ತ ಸುರಿಯುತ್ತಿತ್ತು.

ಆಸ್ಪತ್ರೆಗೆ ಬಂದ ಅಕ್ಕನಿಗೆ ನಾನು "ಸಣ್ಣ ಗೀರು" ಅನ್ನುತ್ತಿರುವಾಗಲೇ ಹೆಂಡತಿ ಒದ್ದೆ ಕಾಲುಚೀಲವನ್ನು ನನ್ನ ಎದೆಯ ಮೇಲೆ ಎಸೆದಳು.

"ನಾಲ್ಕು ತಿಂಗಳಿಂದ ಒಗೀತಿದೀನಿ. ತುಕ್ಕು ತಣ್ಣೀರಿಗೆ ಹೋಗಲ್ಲ ರೀ. ಇದು ಹೋಗುತ್ತೆ."

ಅಕ್ಕ ಅದನ್ನು ಎತ್ತಿ ನೋಡಿದಳು. "ಇದನ್ನ ಒಳಗೆ ಹಾಕ್ಕೊಂಡಿದ್ಯಾ? ಸಿಲಿಕಾನು ಚರ್ಮಕ್ಕೆ ಅಂಟಬೇಕು. ಇದು ಅಂಟೋಕೆ ಬಿಡದೆ ಎಳೆತವೆಲ್ಲ ತುದಿಗೇ ಬಿದ್ದಿದೆ. ಬಸ್ಸಿನ ವಿಷಯಕ್ಕೆ ಒಂದಕ್ಕೆ ನೂರು ಹೇಳ್ತೀಯ, ನೋವಿನ ವಿಷಯಕ್ಕೆ ಮಾತ್ರ ಸೊನ್ನೆ."

ಗಾಯಕ್ಕೂ ಮೂಳೆಗೂ ನಡುವೆ ಅಕ್ಕಿಕಾಳಿನಷ್ಟು ಮಾಂಸ ಉಳಿದಿತ್ತು.

ಆರು ವಾರ ಕಾಲಿಲ್ಲದೆ ಬಿದ್ದಿದ್ದೆ. ಆಮೇಲೆ ಅಕ್ಕ ಗಾಳಿ ಎಳೆಯುವ ಕಾಲು ತಂದಳು. ಪಿನ್ನಿಲ್ಲ, ಒಳಗಿನ ಗಾಳಿ ಹೊರಗೆ ಹೋದಂತೆ ಕಾಲೇ ಮೊಂಡುಗಾಲನ್ನು ಸುತ್ತಲಿಂದಲೂ ಅಪ್ಪಿ ಹಿಡಿಯುತ್ತದೆ, ಯಾವ ಒಂದು ಜಾಗಕ್ಕೂ ಜೋತುಬೀಳುವುದಿಲ್ಲ. "ಆದರೆ ಸುಳ್ಳು ಹೇಳಿದ್ರೆ ಇದೂ ಕಚ್ಚುತ್ತೆ," ಎಂದಳು. "ನಡಿ. ಎಲುಬಿನ ಹತ್ರ ಒತ್ತುತ್ತಾ? ಹತ್ತಕ್ಕೆ ಎಷ್ಟು?"

ನಾಲ್ಕು ಹೆಜ್ಜೆ ನಡೆದೆ. ಎದುರಿನ ಬೆಂಚಿನಲ್ಲಿ ಹೆಂಡತಿ. ಅವಳ ಪಕ್ಕದಲ್ಲಿ, ದವಡೆಗೆ ತಂತಿ ಬಿಗಿಸಿಕೊಂಡು, ಕೊಳವೆಯಿಂದ ಹಾಲು ಹೀರುತ್ತ ಭಾವಮೈದ. ಆ ಜಗಳದ ಕಥೆಯನ್ನು ಅಲ್ಲಿಯವರೆಗೆ ನಾನೊಬ್ಬನೇ ಹೇಳಿಕೊಂಡು ಬಂದಿದ್ದೆ. ಅವನ ಬಾಯಿಗೆ ಬೀಗ.

"ಒಂದು," ಎಂದೆ.

ಭಾವಮೈದ ಲೋಟ ಕೆಳಗಿಟ್ಟು, ನನ್ನ ಹೆಜ್ಜೆಯನ್ನೇ ನೋಡುತ್ತ, ಎರಡೂ ಕೈ ಎತ್ತಿ ಏಳು ಬೆರಳು ತೋರಿಸಿದ.

ಅಕ್ಕ ನನ್ನ ಕಡೆ ತಿರುಗಿದಳು.

"ಎಂಟು," ಎಂದೆ.

ಅವಳು ಕಾಲು ಬಿಚ್ಚಿಸಿ, ಅರ ತೆಗೆದುಕೊಂಡು, ಅದರೊಳಗೆ ಒತ್ತುವ ಜಾಗವನ್ನು ಉಜ್ಜತೊಡಗಿದಳು.